ಮಿಷನ್ ಟ್ರಿಪ್‌ಗೆ ಹೋದ ದೇಶದಲ್ಲಿ ದಿನದ ಬದುಕಿಗೆ ಹೊಂದಿಕೊಳ್ಳುವುದು ಹೇಗೆ?

ಸುವಾರ್ತಾಸೇವೆಗೆಂದು ಮೊದಲ ಸಲ ಪರದೇಶಕ್ಕೆ ಹೋದಾಗ ನನ್ನ ಚೀಲದಲ್ಲಿ ಹತ್ತು ವಾರದ ಪಾಠಗಳ ಪಟ್ಟಿ ಇತ್ತು. ಯಾವ ದಿನ ಯಾವ ವಚನ, ಮಕ್ಕಳಿಗೆ ಯಾವ ಹಾಡು, ಎಲ್ಲ ಬರೆದುಕೊಂಡಿದ್ದೆ. ಬಟ್ಟೆ ಒಗೆಯಲು ನೀರು ಎಲ್ಲಿಂದ ತರಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಮೂರನೇ ದಿನ ಹಿತ್ತಲಲ್ಲಿ ನಾನು ಒಗೆಯುವುದನ್ನು ನೋಡಲಾರದೆ ಆ ಮನೆಯ ಅಜ್ಜಿ ಬಟ್ಟೆ ಕಿತ್ತುಕೊಂಡು ಹಿಂಡಿ ತೋರಿಸಿದರು. ಅವರ ಭಾಷೆ ನನಗೆ ಬರುತ್ತಿರಲಿಲ್ಲ, ಆದರೆ ಬೈಯುತ್ತಿದ್ದಾರೆ ಅಂತ ಚೆನ್ನಾಗಿಯೇ ತಿಳಿಯಿತು. ಆ ಪ್ರವಾಸದ ಮೊದಲ ಪಾಠ ನಾನು ಹೇಳಿಕೊಟ್ಟಿದ್ದಲ್ಲ, ಹೇಳಿಸಿಕೊಂಡಿದ್ದು.

ಲೂಕ 10ನೇ ಅಧ್ಯಾಯವನ್ನು ಎಷ್ಟೋ ಸಲ ಓದಿರುತ್ತೇವೆ. ಯೇಸು ತನ್ನವರನ್ನು ಇಬ್ಬಿಬ್ಬರಾಗಿ ಕಳುಹಿಸುವಾಗ ಹಣದ ಚೀಲ ಬೇಡ, ಹಸಿಬೆ ಬೇಡ ಅನ್ನುತ್ತಾನೆ. ಒಂದೇ ಮನೆಯಲ್ಲಿ ಇರಿ, ಮನೆಯಿಂದ ಮನೆಗೆ ಬದಲಾಯಿಸಬೇಡಿ, ಅವರು ಬಡಿಸಿದ್ದನ್ನು ಊಟಮಾಡಿ ಅನ್ನುತ್ತಾನೆ. ಅಂದರೆ ಹೋದವರು ಆ ಊರಿನವರ ಹಂಗಿನಲ್ಲಿ ಇರಬೇಕು. ನಾವು ಮಾಡುವುದು ಇದರ ತಿರುಗುಮುರುಗು. ಎಲ್ಲವನ್ನೂ ಹೊತ್ತುಕೊಂಡು ಹೋಗಿ, ಕೊಡುವವರ ಜಾಗದಲ್ಲಿ ಕೂತುಬಿಡುತ್ತೇವೆ. ಮುಂದೆ ಹೇಳುವುದೆಲ್ಲ ಆ ಜಾಗದಿಂದ ಕೆಳಗೆ ಇಳಿಯುವ ದಾರಿ. ಎರಡು ವಾರಕ್ಕೆ ಹೋಗುವವರಿಗೂ ಎರಡು ವರ್ಷಕ್ಕೆ ಹೋಗುವವರಿಗೂ ಇದು ಆಗುತ್ತದೆ.

1. ಹೊರಡುವ ಮೊದಲು: ಕಾಗದ ಪತ್ರ, ಚುಚ್ಚುಮದ್ದು

ಮೊದಲು ವೀಸಾ. ಇದರಲ್ಲಿ ಜಾಣತನ ಬೇಡ. ಟೂರಿಸ್ಟ್ ವೀಸಾದಲ್ಲಿ ಹೋಗಿ ಬೋಧನೆ ಮಾಡುವುದು ಹಲವು ದೇಶಗಳಲ್ಲಿ ನಿಯಮಕ್ಕೆ ವಿರುದ್ಧ. ಕೆಲವು ಕಡೆ ಧಾರ್ಮಿಕ ಕೆಲಸಕ್ಕೆ ಬೇರೆಯೇ ವೀಸಾ ಇದೆ. ಕೆಲವು ಕಡೆ ಮತಪ್ರಚಾರಕ್ಕೆ ಕಾನೂನಿನಲ್ಲೇ ಅಡ್ಡಿ ಇದೆ. ಸಿಕ್ಕಿಬಿದ್ದರೆ ನಿಮ್ಮನ್ನು ಹೆಚ್ಚಾಗಿ ವಾಪಸ್ ಕಳುಹಿಸುತ್ತಾರೆ. ಆಮೇಲೂ ಕಷ್ಟ ಅನುಭವಿಸುವುದು ನಿಮ್ಮನ್ನು ಕರೆಸಿಕೊಂಡ ಅಲ್ಲಿನ ಕ್ರೈಸ್ತ ಸಭೆ. ಹಾಗಾಗಿ ನಿಮ್ಮ ಕೆಲಸ ಏನು ಅನ್ನುವುದನ್ನು ಅರ್ಜಿಯಲ್ಲಿ ಇದ್ದ ಹಾಗೆ ಬರೆಯಿರಿ.

ಪಾಸ್‌ಪೋರ್ಟ್ ಅವಧಿ ಕನಿಷ್ಠ 6 ತಿಂಗಳಾದರೂ ಉಳಿದಿರಲಿ, ಅನೇಕ ದೇಶಗಳು ಇದನ್ನು ಕೇಳುತ್ತವೆ. ಪಾಸ್‌ಪೋರ್ಟ್, ವೀಸಾ, ವಿಮೆಯ ಕಾಗದ ಮೂರರದ್ದೂ ಎರಡೆರಡು ಜೆರಾಕ್ಸ್ ಮಾಡಿಸಿ. ಒಂದು ನಿಮ್ಮ ಚೀಲದಲ್ಲಿ, ಇನ್ನೊಂದು ಮನೆಯವರ ಹತ್ತಿರ. ಅಲ್ಲಿರುವ ನಮ್ಮ ದೇಶದ ರಾಯಭಾರ ಕಚೇರಿಯ ಫೋನ್ ನಂಬರನ್ನು ಮೊಬೈಲ್‌ನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ, ಕಾಗದದ ಮೇಲೂ ಬರೆದುಕೊಳ್ಳಿ. ವಿಮೆ ಮಾಡಿಸುವಾಗ ಒಂದು ಪ್ರಶ್ನೆ ಕೇಳಿ: ಕಾಯಿಲೆ ಜಾಸ್ತಿಯಾದರೆ ದೊಡ್ಡ ಆಸ್ಪತ್ರೆ ಇರುವ ಕಡೆಗೆ ವಿಮಾನದಲ್ಲಿ ಸಾಗಿಸುವ ಖರ್ಚು ಇದರಲ್ಲಿ ಬರುತ್ತದಾ? ಸಾಮಾನ್ಯ ಪಾಲಿಸಿಗಳಲ್ಲಿ ಎಷ್ಟೋ ಸಲ ಇದು ಇರುವುದಿಲ್ಲ.

ಪ್ರಯಾಣಕ್ಕೆ 4ರಿಂದ 6 ವಾರ ಮೊದಲೇ ಡಾಕ್ಟರನ್ನು ನೋಡಿ. ಕೆಲವು ಲಸಿಕೆಗಳು ಮೈಗೆ ಹತ್ತಲು ದಿನ ಬೇಕು, ಕೆಲವನ್ನು ಎರಡು ಮೂರು ಸಲ ಹಾಕಿಸಬೇಕು. ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟ್ ಹಾಕಿಸಿದ 10 ದಿನದ ನಂತರವೇ ಲೆಕ್ಕಕ್ಕೆ ಬರುತ್ತದೆ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ, ಹತ್ತು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕಿಲ್ಲ. ದಿನವೂ ನುಂಗುವ ಮಾತ್ರೆಗಳಿದ್ದರೆ ಅಂಗಡಿಯ ಪ್ಯಾಕೆಟ್‌ನಲ್ಲೇ, ಡಾಕ್ಟರ್ ಚೀಟಿಯ ಸಮೇತ ಒಯ್ಯಿರಿ. ಕೋಡೀನ್ ಇರುವ ಔಷಧಿಗಳಿಗೆ ಎಷ್ಟೋ ದೇಶಗಳಲ್ಲಿ ಕಟ್ಟುನಿಟ್ಟು ಇದೆ, ಕೆಮ್ಮಿನ ಸಿರಪ್ ಇಡುವ ಮೊದಲು ಅದರ ಲೇಬಲ್ ನೋಡಿ.

2. ಮೊದಲ ಮೂರು ದಿನ: ಏನೂ ಸಾಧಿಸಬೇಡಿ

ಇಳಿದ ಮಾರನೇ ದಿನವೇ ಕೂಟದಲ್ಲಿ ಸಾಕ್ಷಿ ಹೇಳಬೇಕು ಅಂತ ಕಾರ್ಯಕ್ರಮ ಹಾಕಿರುತ್ತಾರೆ. ಸಾಧ್ಯವಾದರೆ ಮುಂದೂಡಿಸಿ. ಮೈಯೊಳಗಿನ ಗಡಿಯಾರ ಹೊಸ ಹೊತ್ತಿಗೆ ಹೊಂದಲು ಸುಮಾರಾಗಿ ಒಂದು ಗಂಟೆಯ ವ್ಯತ್ಯಾಸಕ್ಕೆ ಒಂದು ದಿನ ಬೇಕು. ಪೂರ್ವಕ್ಕೆ ಹೋದರೆ ಇನ್ನೂ ಕಷ್ಟ. ಹಗಲಲ್ಲಿ ಹೊರಗೆ ಬೆಳಕಿನಲ್ಲಿ ಓಡಾಡಿ. ಮಧ್ಯಾಹ್ನ ಕಣ್ಣು ಎಳೆದರೆ ಅರ್ಧ ಗಂಟೆ ಮಲಗಿ, ಅಲಾರಂ ಇಟ್ಟುಕೊಂಡೇ ಮಲಗಿ.

ಈ ಮೂರು ದಿನದಲ್ಲಿ ಆಗಬೇಕಾದ ಕೆಲಸ ಸಣ್ಣವು. ಸ್ಥಳೀಯ ಸಿಮ್ ಹಾಕಿಸಿಕೊಳ್ಳಿ. ಸ್ವಲ್ಪ ಸ್ಥಳೀಯ ಹಣ ಮಾಡಿಸಿಕೊಂಡು ಎರಡು ಜಾಗದಲ್ಲಿ ಇಡಿ. ಬಂದ ಇಷ್ಟು ದಿನದೊಳಗೆ ಪೊಲೀಸರಲ್ಲೋ ವಲಸೆ ಕಚೇರಿಯಲ್ಲೋ ಹೆಸರು ಬರೆಸಬೇಕು ಅನ್ನುವ ನಿಯಮ ಇದ್ದರೆ ಅದನ್ನು ಮೊದಲು ಮುಗಿಸಿ. ಉಳಿದುಕೊಂಡ ಮನೆಯ ವಿಳಾಸವನ್ನು ಅಲ್ಲಿನ ಲಿಪಿಯಲ್ಲೇ ಒಂದು ಚೀಟಿಯಲ್ಲಿ ಬರೆಸಿಕೊಂಡು ಜೇಬಿನಲ್ಲಿ ಇಡಿ. ದಾರಿ ತಪ್ಪಿದ ದಿನ ಆ ಚೀಟಿಯನ್ನು ಯಾರಿಗೆ ತೋರಿಸಿದರೂ ನಡೆಯುತ್ತದೆ. ನಾನು ಎರಡು ಸಲ ತೋರಿಸಿದ್ದೇನೆ, ಒಂದು ಸಲ ಮನೆಯ ಹಿಂದಿನ ಬೀದಿಯಲ್ಲೇ ನಿಂತುಕೊಂಡು!

ಆಮೇಲೆ ನಡೆಯಿರಿ. ಮನೆಯಿಂದ ಹತ್ತು ನಿಮಿಷ ಒಂದು ದಿಕ್ಕಿಗೆ, ವಾಪಸ್ ಬಂದು ಇನ್ನೊಂದು ದಿಕ್ಕಿಗೆ. ಅಂಗಡಿ, ಔಷಧಿ ಅಂಗಡಿ, ಬಸ್ಸು ನಿಲ್ಲುವ ಜಾಗ, ಆಸ್ಪತ್ರೆ ಎಲ್ಲಿವೆ ನೋಡಿಕೊಳ್ಳಿ. ರಸ್ತೆ ದಾಟುವಾಗ ಎರಡೂ ಕಡೆ ನೋಡಿ. ಗಾಡಿಗಳು ಯಾವ ಬದಿಯಲ್ಲಿ ಬರುತ್ತವೆ ಅನ್ನುವುದು ತಲೆಗೆ ಗೊತ್ತಾದರೂ ಕುತ್ತಿಗೆಗೆ ಗೊತ್ತಾಗಲು ವಾರ ಹಿಡಿಯುತ್ತದೆ. ಎಲ್ಲರೂ ಅಪರೂಪದ ರೋಗಗಳಿಗೆ ಹೆದರುತ್ತಾರೆ, ಆದರೆ ಪರದೇಶಕ್ಕೆ ಹೋದ ಆರೋಗ್ಯವಂತರು ಸಾಯುವ ಮುಖ್ಯ ಕಾರಣಗಳಲ್ಲಿ ರಸ್ತೆ ಅಪಘಾತ ಒಂದು. ಸೀಟ್ ಬೆಲ್ಟ್ ಹಾಕಿ. ಹೆಲ್ಮೆಟ್ ಇಲ್ಲದೆ ಬೈಕ್ ಹತ್ತಬೇಡಿ, ಓಡಿಸುವವರು ಪಾಸ್ಟರ್ ಆಗಿದ್ದರೂ ಸರಿ.

3. ನೀರು, ಊಟ, ಸೊಳ್ಳೆ

ನೀರಿನ ಬಗ್ಗೆ ಅನುಮಾನ ಇದ್ದರೆ ಕುದಿಸಿ. ಚೆನ್ನಾಗಿ ಕೊತಕೊತ ಕುದಿಯಲು ಶುರುವಾದ ಮೇಲೆ 1 ನಿಮಿಷ ಸಾಕು. ಸಮುದ್ರ ಮಟ್ಟದಿಂದ 2,000 ಮೀಟರ್‌ಗಿಂತ ಎತ್ತರದ ಊರಾದರೆ 3 ನಿಮಿಷ, ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಹಲ್ಲುಜ್ಜುವ ನೀರು, ಐಸ್ ಇವೆರಡನ್ನು ಜನ ಮರೆಯುತ್ತಾರೆ.

ಊಟದ ವಿಷಯ ಸ್ವಲ್ಪ ನಾಜೂಕು. ಬಡಿಸಿದ್ದನ್ನು ಉಣ್ಣಿ ಅನ್ನುವ ಮಾತು ಇದೆ, ಹೊಟ್ಟೆ ಕೇಳುವುದಿಲ್ಲ. ನಾನು ಕಂಡುಕೊಂಡ ದಾರಿ ಹೀಗಿದೆ: ಬಿಸಿಬಿಸಿಯಾಗಿ ಬಂದದ್ದನ್ನು ಧೈರ್ಯವಾಗಿ ತಿನ್ನಿ. ಹಸಿಯದ್ದನ್ನೂ ಆರಿ ಹೋದದ್ದನ್ನೂ ಸ್ವಲ್ಪವೇ ಹಾಕಿಸಿಕೊಳ್ಳಿ. ಹಣ್ಣಾದರೆ ನೀವೇ ಸಿಪ್ಪೆ ತೆಗೆದು ತಿನ್ನಿ. ನಿಜವಾದ ಅಲರ್ಜಿ ಇದ್ದರೆ ಮೊದಲ ದಿನವೇ ಹೇಳಿ, ಊಟಕ್ಕೆ ಕೂತ ಮೇಲೆ ಅಲ್ಲ. ಇಷ್ಟವಾಗದ್ದಕ್ಕೆಲ್ಲ ಅಲರ್ಜಿ ಅನ್ನಬೇಡಿ, ಮನೆಯೊಡತಿಗೆ ಎರಡೇ ದಿನದಲ್ಲಿ ಗೊತ್ತಾಗಿಬಿಡುತ್ತದೆ.

ಹೊಟ್ಟೆ ಕೆಟ್ಟೇ ಕೆಡುತ್ತದೆ. ಓಆರ್‌ಎಸ್ ಪುಡಿ ಜೊತೆಗಿರಲಿ. ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರದು. ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಕುಡಿದ ನೀರು ನಿಲ್ಲದಿದ್ದರೆ ಮನೆಮದ್ದು ಸಾಕು ಮಾಡಿ ಡಾಕ್ಟರ್ ಹತ್ತಿರ ಹೋಗಿ.

ಮಲೇರಿಯಾ ಹರಡುವ ಸೊಳ್ಳೆ ಸಂಜೆಯಿಂದ ಬೆಳಗಿನ ಜಾವದ ತನಕ ಕಚ್ಚುತ್ತದೆ. ಡೆಂಗ್ಯೂ ಹರಡುವುದು ಹಗಲು ಕಚ್ಚುವ ಸೊಳ್ಳೆ. ಹಾಗಾಗಿ ರಾತ್ರಿ ಪರದೆ ಕಟ್ಟಿಕೊಂಡರೆ ಅರ್ಧ ಕೆಲಸ ಮಾತ್ರ ಆದ ಹಾಗೆ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ‘ಪ್ರಾರ್ಥನೆ ಮಾಡಿದ್ದೇವೆ, ಏನೂ ಆಗಲ್ಲ’ ಅಂತ ಯಾರಾದರೂ ಹೇಳಿದರೆ ಪ್ರಾರ್ಥನೆ ಮಾಡುತ್ತಲೇ ಆಸ್ಪತ್ರೆಯ ದಾರಿ ಹಿಡಿಯಿರಿ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಅತಿ ಅಪರೂಪ.

4. ಭಾಷೆ: ದಿನಕ್ಕೆ ಮೂರು ವಾಕ್ಯ, ಮೂವತ್ತು ಜನ

ಉಳಿದದ್ದು ಮರೆತರೂ ಈ ಹಂತ ಮರೆಯಬೇಡಿ. ‘ನಮಗೆ ಅನುವಾದಕರು ಇದ್ದಾರೆ’ ಅಂತ ಭಾಷೆಯನ್ನು ಬಿಟ್ಟವರು ಎರಡು ವರ್ಷ ಇದ್ದರೂ ಅತಿಥಿಗಳಾಗಿಯೇ ವಾಪಸ್ ಬರುತ್ತಾರೆ.

ಕಿಟೆಲ್ ಹೆಸರು ಕನ್ನಡಿಗರಿಗೆ ಹೊಸದಲ್ಲ. ಬಾಸೆಲ್ ಮಿಷನ್ ಕಳುಹಿಸಿದ ಜರ್ಮನ್ ಯುವಕ 1853ರಲ್ಲಿ ಬಂದಾಗ ಅವರೂ ಪರದೇಶದಲ್ಲಿ ತಡವರಿಸುತ್ತಿದ್ದ ಹೊಸ ಮಿಷನರಿಯೇ. ಅವರ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಡುವೆ ನಲವತ್ತೊಂದು ವರ್ಷ. ಅವರು ಕೊಟ್ಟ ಬೋಧನೆಗಳು ಇಂದು ಎಷ್ಟು ಜನಕ್ಕೆ ನೆನಪಿವೆಯೋ! ಕೇಳಿ ಕೇಳಿ ಕೂಡಿಸಿದ ಪದಗಳು ಮಾತ್ರ ಇವತ್ತಿಗೂ ಕೈಗೆ ಸಿಗುತ್ತವೆ.

ನಾವು ನಿಘಂಟು ಬರೆಯಬೇಕಿಲ್ಲ. ಮೊದಲ ದಿನಕ್ಕೆ ಮೂರು ವಾಕ್ಯ ಸಾಕು: ‘ನಮಸ್ಕಾರ, ನಾನು ನಿಮ್ಮ ಭಾಷೆ ಕಲಿಯುತ್ತಿದ್ದೇನೆ.’ ‘ನನಗೆ ಬರುವುದು ಇಷ್ಟೇ.’ ‘ಹೋಗಿ ಬರುತ್ತೇನೆ.’ ಇವನ್ನು ಮನೆಯವರಿಂದ ಅಲ್ಲಿನ ಭಾಷೆಯಲ್ಲಿ ಹೇಳಿಸಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬರೆದುಕೊಳ್ಳುವುದಕ್ಕಿಂತ ಮೊದಲು ಕೇಳಿ. ಬರೆದ ಕೂಡಲೇ ನಮ್ಮ ಲಿಪಿಯ ಉಚ್ಚಾರಣೆ ಅದಕ್ಕೆ ಅಂಟಿಕೊಂಡುಬಿಡುತ್ತದೆ. ಹತ್ತಿಪ್ಪತ್ತು ಸಲ ಜೊತೆಯಲ್ಲೇ ಹೇಳಿ. ಆಮೇಲೆ ಬೀದಿಗೆ ಇಳಿದು ಮೂವತ್ತು ಜನಕ್ಕೆ ಅದೇ ಮೂರು ವಾಕ್ಯ ಹೇಳಿ ಬನ್ನಿ. ಅಂಗಡಿಯವರು, ಕಟ್ಟೆಯ ಮೇಲೆ ಕೂತವರು, ಶಾಲೆಯಿಂದ ಬರುವ ಮಕ್ಕಳು, ಯಾರಾದರೂ ಸರಿ. ಮೊದಲ ಐದು ಜನ ನಗುತ್ತಾರೆ. ಇಪ್ಪತ್ತನೆಯವರು ಏನೋ ತಿರುಗಿ ಕೇಳುತ್ತಾರೆ. ನಿಮಗೆ ಉತ್ತರ ಬರುವುದಿಲ್ಲ. ಆ ಪ್ರಶ್ನೆಯನ್ನು ನೆನಪಿಟ್ಟುಕೊಂಡು ಮನೆಗೆ ಬಂದರೆ ನಾಳೆಯ ಪಾಠ ಸಿಕ್ಕಿತು ಅಂತ ಲೆಕ್ಕ.

ಮಕ್ಕಳಿಗಿಂತ ಒಳ್ಳೆಯ ಮೇಷ್ಟರು ಇಲ್ಲ. ಅವರಿಗೆ ದಾಕ್ಷಿಣ್ಯ ಇರುವುದಿಲ್ಲ, ತಪ್ಪು ಅಂದರೆ ತಪ್ಪು ಅನ್ನುತ್ತಾರೆ. ದೊಡ್ಡವರು ‘ಚೆನ್ನಾಗಿ ಮಾತಾಡ್ತೀರಿ’ ಅಂತ ಸುಮ್ನೆ ಹೊಗಳುತ್ತಾರೆ, ನಂಬಬೇಡಿ.

ಪ್ರಾರ್ಥನೆಯನ್ನೂ ಬೇಗ ಕಲಿಯಿರಿ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರುವಾಗುವ ಪ್ರಾರ್ಥನೆಯ ಅರ್ಥ ನಿಮಗೆ ಮೊದಲೇ ಗೊತ್ತು. ಅದನ್ನು ಅವರ ಭಾಷೆಯಲ್ಲಿ ಬಾಯಿಪಾಠ ಮಾಡಿದರೆ ಭಾನುವಾರ ಒಂದು ನಿಮಿಷವಾದರೂ ಸಭೆಯೊಂದಿಗೆ ಒಂದೇ ಉಸಿರಿನಲ್ಲಿ ಇರಬಹುದು. ಹಾಡಿನ ಪಲ್ಲವಿಗಳೂ ಹಾಗೆಯೇ, ರಾಗ ಪದವನ್ನು ಎಳೆದುಕೊಂಡು ಬರುತ್ತದೆ.

5. ಮನೆಯೊಳಗೆ

ಮನೆಯಲ್ಲಿ ಇರುವಾಗ ಕೇಳಲೇಬೇಕಾದ ಪ್ರಶ್ನೆಗಳಿವೆ. ಚಪ್ಪಲಿ ಎಲ್ಲಿ ಬಿಡಬೇಕು? ಸ್ನಾನ ಯಾವ ಹೊತ್ತಿಗೆ, ಎಷ್ಟು ನೀರಿನಲ್ಲಿ? ರಾತ್ರಿ ಬಾಗಿಲು ಯಾರು ಹಾಕುತ್ತಾರೆ? ಅಡುಗೆಮನೆಗೆ ನಾನು ಬರಬಹುದಾ? ಯಾವ ಬಟ್ಟೆ ಹಾಕಿದರೆ ನಿಮಗೆ ಮುಜುಗರ? ಮೊದಲ ವಾರ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎರಡು ತಿಂಗಳು ಕಳೆದ ಮೇಲೆ ಕೇಳಿದರೆ, ಇಷ್ಟು ದಿನ ಇವರು ಸಹಿಸಿಕೊಂಡಿದ್ದರು ಅನ್ನುವುದು ನಿಮಗೇ ಗೊತ್ತಾಗಿ ನಾಚಿಕೆ ಆಗುತ್ತದೆ.

ಬಟ್ಟೆಯ ವಿಷಯಕ್ಕೆ ಚೀನಾಕ್ಕೆ ಹೋದ ಇಂಗ್ಲಿಷ್ ಮಿಷನರಿ ಹಡ್ಸನ್ ಟೇಲರ್ ಉದಾಹರಣೆ ಕೊಡುವುದು ರೂಢಿ. ಅವರು 1855ರಲ್ಲಿ ಚೀನೀ ಉಡುಪು ತೊಟ್ಟು, ಅಲ್ಲಿನವರಂತೆ ಮುಂದಲೆ ಬೋಳಿಸಿ ಜಡೆ ಬಿಟ್ಟರು. ಜೊತೆಯ ಬಿಳಿಯ ಮಿಷನರಿಗಳು ನಕ್ಕರು. ನನ್ನ ಅಭಿಪ್ರಾಯ ಏನೆಂದರೆ, ಸ್ಥಳೀಯ ಉಡುಪು ಹಾಕುವುದು ಫೋಟೋಕ್ಕೆ ಆಗಬಾರದು. ಮನೆಯವರು ‘ಇದು ಹಾಕಿಕೋ’ ಅಂತ ಕೊಟ್ಟ ದಿನ ಹಾಕಿಕೊಳ್ಳಿ. ಅಲ್ಲಿಯವರೆಗೆ ಮೈ ಮುಚ್ಚುವ ಸಾದಾ ಬಟ್ಟೆ ಸಾಕು.

ಕೆಲಸದಲ್ಲಿ ಕೈ ಜೋಡಿಸಿ. ಆದರೆ ನಿಮಗೆ ಚೆನ್ನಾಗಿ ಬರುವ ಕೆಲಸವನ್ನಲ್ಲ, ಅವರು ಹೇಳಿಕೊಡುವ ಕೆಲಸವನ್ನು. ಆ ಅಜ್ಜಿ ನನಗೆ ಬಟ್ಟೆ ಹಿಂಡುವುದು ಕಲಿಸಿದ ಮೇಲೆ ದಿನವೂ ಬೆಳಿಗ್ಗೆ ಹಿತ್ತಲಿಗೆ ಕರೆಯುತ್ತಿದ್ದರು. ನನ್ನ ಭಾಷೆಯ ಅರ್ಧ ಪಾಲು ಆ ಬಕೆಟ್ ಪಕ್ಕದಲ್ಲೇ ಬಂದಿದ್ದು.

6. ಸಭೆಯಲ್ಲಿ: ಹಿಂದಿನ ಸಾಲಿನಲ್ಲಿ ಕೂರಿ

ನಿಮ್ಮನ್ನು ಮುಂದೆ ಕೂರಿಸುತ್ತಾರೆ, ಮೈಕ್ ಕೊಡುತ್ತಾರೆ. ಒಂದು ಸಲ ವಂದನೆ ಹೇಳಿ ಸಾಕು ಮಾಡಿ. ಅಲ್ಲಿನ ಸಭಾಪಾಲಕರು ನೀವು ಬರುವ ಮೊದಲೂ ಇದ್ದರು, ಹೋದ ಮೇಲೂ ಇರುತ್ತಾರೆ. ನಿಮ್ಮ ಹೊಸ ಯೋಜನೆಯನ್ನು ಸಭೆಯ ಮುಂದೆ ಇಡುವ ಮೊದಲು ಅವರೊಬ್ಬರ ಮುಂದೆ ಇಡಿ. ಅವರು ‘ನೋಡೋಣ’ ಅಂದರೆ ಎಷ್ಟೋ ಕಡೆ ಅದು ಬೇಡ ಅನ್ನುವುದರ ಮರ್ಯಾದೆಯ ರೂಪ. ಒತ್ತಾಯ ಮಾಡಬೇಡಿ.

ಹಣ ಇನ್ನೂ ಸೂಕ್ಷ್ಮ. ನೀವು ಶ್ರೀಮಂತರಲ್ಲದಿದ್ದರೂ ವಿಮಾನ ಹತ್ತಿ ಬಂದವರು ಅನ್ನುವುದೇ ಸಾಕು, ಕೇಳುವವರು ಬರುತ್ತಾರೆ. ನಿಜವಾದ ಕಷ್ಟವೂ ಇರುತ್ತದೆ. ಒಬ್ಬರ ಕೈಗೆ ಗುಟ್ಟಾಗಿ ಕೊಟ್ಟದ್ದು ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿ, ಕೊಡದವರ ಜೊತೆ ಮಾತು ನಿಲ್ಲುತ್ತದೆ. ಕೊಡುವುದಿದ್ದರೆ ಸಭೆಯ ಮೂಲಕ, ಹಿರಿಯರನ್ನು ಕೇಳಿ ಕೊಡಿ. ಮಾತು ಕೊಡುವಾಗಲೂ ಎಚ್ಚರ. ‘ಊರಿಗೆ ಹೋಗಿ ಕಳುಹಿಸುತ್ತೇನೆ’ ಅಂದದ್ದನ್ನು ನೀವು ಮರೆಯಬಹುದು, ಅವರು ಮರೆಯುವುದಿಲ್ಲ.

ಫೋಟೋ ತೆಗೆಯುವ ಮೊದಲು ಕೇಳಿ, ಮಕ್ಕಳದ್ದಾದರೆ ತಂದೆತಾಯಿಯನ್ನು ಕೇಳಿ. ನಿಮ್ಮ ಮಗುವಿನ ಮುರುಕು ಚಪ್ಪಲಿಯ ಫೋಟೋವನ್ನು ಬೇರೆ ದೇಶದವರು ಪ್ರಾರ್ಥನಾ ಪತ್ರದಲ್ಲಿ ಹಾಕಿದರೆ ನಿಮಗೆ ಹೇಗಿರುತ್ತದೆ, ಅಲ್ವಾ? ಕ್ರೈಸ್ತರಿಗೆ ತೊಂದರೆ ಇರುವ ದೇಶವಾದರೆ ಮುಖ, ಹೆಸರು, ಊರು ಯಾವುದೂ ಇಂಟರ್ನೆಟ್‌ಗೆ ಹೋಗಬಾರದು. ನೀವು ವಿಮಾನ ಹತ್ತಿ ಬಂದುಬಿಡುತ್ತೀರಿ, ಫೋಟೋದಲ್ಲಿ ಇರುವವರು ಅಲ್ಲೇ ಇರುತ್ತಾರೆ.

7. ಮನಸ್ಸು ಕುಸಿಯುವ ವಾರ

ಇದು ಬರುತ್ತದೆ. ‘ಕಲ್ಚರ್ ಶಾಕ್’ ಅನ್ನುವ ಮಾತನ್ನು ಜನಪ್ರಿಯ ಮಾಡಿದವರು ಕಲೆರ್ವೊ ಓಬರ್ಗ್ ಅನ್ನುವ ಮಾನವಶಾಸ್ತ್ರಜ್ಞ. ಬ್ರೆಜಿಲ್‌ನಲ್ಲಿ ಬಂದು ನೆಲೆಸಿದ ಅಮೆರಿಕನ್ನರನ್ನು ನೋಡಿ 1950ರ ದಶಕದಲ್ಲಿ ಅದರ ಬಗ್ಗೆ ಮಾತಾಡಿದರು, 1960ರಲ್ಲಿ ಮಿಷನರಿಗಳು ಓದುವ ಒಂದು ಪತ್ರಿಕೆಯಲ್ಲೇ ಬರೆದರು. ಅವರು ಕೊಟ್ಟ ಲಕ್ಷಣಗಳ ಪಟ್ಟಿ ಓದಿದರೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ಮತ್ತೆ ಮತ್ತೆ ಕೈ ತೊಳೆಯುವುದು. ಕುಡಿಯುವ ನೀರು, ಹಾಸಿಗೆಯ ಬಗ್ಗೆ ಅತಿ ಚಿಂತೆ. ಎಲ್ಲರೂ ಮೋಸ ಮಾಡುತ್ತಿದ್ದಾರೆ ಅನ್ನುವ ಅನುಮಾನ. ಸ್ವಲ್ಪ ತಡವಾದರೆ ಸಿಟ್ಟು. ಭಾಷೆ ಕಲಿಯಲು ಮನಸ್ಸಿಲ್ಲದಿರುವುದು. ದೂರಕ್ಕೆ ದೃಷ್ಟಿ ನೆಟ್ಟು ಕೂತಿರುವುದು. ಮನೆಯ ಕಾಫಿಗೆ ಹಂಬಲಿಸುವುದು.

ಮೊದಲು ಎಲ್ಲ ಚಂದ ಕಾಣುತ್ತದೆ, ಆಮೇಲೆ ಎಲ್ಲವೂ ಕಿರಿಕಿರಿ, ಮೆಲ್ಲಗೆ ಚೇತರಿಕೆ, ಕೊನೆಗೆ ಒಗ್ಗುವುದು. ನನಗೆ ಐದನೇ ವಾರ ಬಂದಿತ್ತು. ವಿಶ್ವಾಸಿಗಳಿಗೆ ಇದರಲ್ಲಿ ಇನ್ನೊಂದು ಹೊರೆ ಇದೆ. ‘ದೇವರು ಕರೆದ ಜಾಗದಲ್ಲಿ ನನಗೆ ಯಾಕೆ ಹೀಗೆ? ನನ್ನ ಕರೆಯೇ ಸುಳ್ಳಾ?’ ಅನ್ನಿಸುತ್ತದೆ. ಕರೆಯ ಬಗ್ಗೆ ಆ ವಾರ ತೀರ್ಮಾನ ಮಾಡಬೇಡಿ. ನಿದ್ದೆ, ಊಟ, ನಡಿಗೆ ಸರಿಮಾಡಿಕೊಳ್ಳಿ. ಶಿಷ್ಯರಿಗೆ ಊಟಕ್ಕೂ ಸಮಯ ಸಿಗದಿದ್ದಾಗ ಯೇಸು ಅವರನ್ನು ವಿಶ್ರಾಂತಿಗೆ ಕರೆದುಕೊಂಡು ಹೋದ ಮಾತು ಮಾರ್ಕ 6ರಲ್ಲಿದೆ. ವಾರಕ್ಕೆ ಒಂದು ದಿನ ಯಾವ ಸೇವೆಯೂ ಇಲ್ಲದೆ ಇರಿ. ಮಿಷನರಿಗೆ ಭಾನುವಾರ ಸಾಮಾನ್ಯವಾಗಿ ಕೆಲಸದ ದಿನ, ಬೇರೆ ದಿನ ಆರಿಸಿಕೊಳ್ಳಿ.

ಮನೆಗೆ ಫೋನ್ ಮಾಡುವುದಕ್ಕೂ ಹೊತ್ತು ಗೊತ್ತುಮಾಡಿ. ದಿನಕ್ಕೆ ಮೂರು ಸಲ ವಿಡಿಯೋ ಕಾಲ್ ಮಾಡುವವರ ಮೈ ಇಲ್ಲಿ, ಮನಸ್ಸು ಅಲ್ಲಿ. ವಾರಕ್ಕೆ ಎರಡು ಸಲ ಸಾಕು. ಆದರೆ ಎರಡು ವಾರಕ್ಕಿಂತ ಜಾಸ್ತಿ ಬೇಸರ ಉಳಿದರೆ, ನಿದ್ದೆ ಹೋದರೆ, ಬದುಕುವುದು ಬೇಡ ಅನ್ನಿಸಿದರೆ ಅದನ್ನು ಗುಟ್ಟು ಮಾಡಬೇಡಿ. ಕಳುಹಿಸಿದ ಸಭೆಗೆ ಹೇಳಿ, ಡಾಕ್ಟರ್ ಹತ್ತಿರ ಮಾತಾಡಿ. ಬೇಗ ವಾಪಸ್ ಬಂದರೆ ತಪ್ಪಿಲ್ಲ.

ತಂಡದಲ್ಲಿ ಹೋದವರಿಗೆ ಒಂದು ಮಾತು. ಜಗಳ ಬರುವುದು ಸಿದ್ಧಾಂತಕ್ಕಲ್ಲ, ಪಾತ್ರೆ ಯಾರು ತೊಳೆಯಬೇಕು ಅನ್ನುವುದಕ್ಕೆ. ಮೊದಲ ದಿನವೇ ಪಾಳಿ ಬರೆದು ಗೋಡೆಗೆ ಅಂಟಿಸಿ.

8. ವಾಪಸ್ ಬರುವುದು

ಹೊರಡುವ ಹಿಂದಿನ ವಾರ ಒಬ್ಬೊಬ್ಬರ ಮನೆಗೂ ಹೋಗಿ ಹೇಳಿ ಬನ್ನಿ. ಸಾಲ, ಎರವಲು ತಂದದ್ದು, ಕೊಟ್ಟ ಮಾತು, ಮೂರನ್ನೂ ಚೀಟಿಯಲ್ಲಿ ಬರೆದು ಒಂದೊಂದಾಗಿ ತೀರಿಸಿ. ಯಾರ ಜೊತೆಗಾದರೂ ಮನಸ್ತಾಪ ಇದ್ದರೆ ವಿಮಾನ ನಿಲ್ದಾಣದಿಂದ ಮೆಸೇಜ್ ಕಳುಹಿಸುವುದು ಬೇಡ, ಎದುರು ಕೂತು ಮಾತಾಡಿ.

ಮಲೇರಿಯಾ ಮಾತ್ರೆ ನುಂಗುತ್ತಿದ್ದರೆ ಊರಿಗೆ ಬಂದ ಮೇಲೂ ಡಾಕ್ಟರ್ ಹೇಳಿದಷ್ಟು ದಿನ ನುಂಗಿ. ಕೆಲವಕ್ಕೆ 7 ದಿನ, ಕೆಲವಕ್ಕೆ 4 ವಾರ. ಬಂದು ತಿಂಗಳುಗಳಾದ ಮೇಲೆ ಜ್ವರ ಬಂದರೂ ‘ಇಂಥ ದೇಶಕ್ಕೆ ಹೋಗಿದ್ದೆ’ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ.

ಅಂತಿಯೋಕ್ಯದ ಸಭೆ ಕಳುಹಿಸಿದ ಪೌಲ ಬಾರ್ನಬರು ತಿರುಗಿ ಬಂದಾಗ ಸಭೆಯನ್ನು ಕೂಡಿಸಿ ನಡೆದದ್ದನ್ನೆಲ್ಲ ಹೇಳಿದರು, ಆಮೇಲೆ ಅಲ್ಲೇ ಬಹಳ ದಿನ ಇದ್ದರು ಎಂದು ಅಪೊಸ್ತಲರ ಕೃತ್ಯಗಳು 14ರಲ್ಲಿದೆ. ನಮಗೂ ಆ ಬಹಳ ದಿನ ಬೇಕು. ಬಂದ ಮೊದಲ ವಾರಗಳಲ್ಲಿ ಸ್ವಂತ ಮನೆಯೇ ಬೇರೆಯವರ ಮನೆ ಅನ್ನಿಸುತ್ತದೆ. ‘ಹೇಗಿತ್ತು?’ ಅಂತ ಕೇಳಿದವರು ಎರಡು ನಿಮಿಷದ ಉತ್ತರ ಬಯಸುತ್ತಾರೆ. ಎರಡು ನಿಮಿಷದ ಒಂದು ಉತ್ತರ ಸಿದ್ಧ ಇಟ್ಟುಕೊಳ್ಳಿ. ಎರಡು ಗಂಟೆ ಕೇಳುವ ಒಬ್ಬರನ್ನು ಹುಡುಕಿಕೊಳ್ಳಿ, ಹಿಂದೆ ಹೀಗೆ ಹೋಗಿ ಬಂದವರಾದರೆ ಇನ್ನೂ ಒಳ್ಳೆಯದು.

ಮನೆ ತಲುಪಿದ ದಿನವೇ ಆ ಮನೆಯವರಿಗೆ ಫೋನ್ ಮಾಡಿ, ಅವರ ಭಾಷೆಯಲ್ಲೇ ‘ತಲುಪಿದೆ’ ಅನ್ನಿ. ನಾನು ಮಾಡಿದಾಗ ಅಜ್ಜಿ ಫೋನ್ ತೆಗೆದುಕೊಂಡು ಕೇಳಿದ ಮೊದಲ ಪ್ರಶ್ನೆ, ಅಲ್ಲಿ ಬಟ್ಟೆ ಯಾರು ಒಗೆಯುತ್ತಾರೆ ಅಂತ.